ಮಾವನವರು ಮಾಡಿದ ಕಾನೂನು

ನಮ್ಮ ಮನೆಯಲ್ಲಿ ಎರಡು ಸಭೆಗಳುಂಟು, ನಿಮ್ಮಲ್ಲಿಯೂ ಇರಬಹುದು. ಜಗಲಿಯ ಸಭೆಗೆ ನಾನೇ ಅಧ್ಯಕ್ಷ. ರೊಟ್ಟಿಗೆ ಬದನೆಕಾಯಿಯೋ ಹುರುಳಿಕಾಳೋ ಎಂಬ ಗಹನ ವಿಷಯವನ್ನು ಅಲ್ಲಿ ಸಾಂಗವಾಗಿ ಚರ್ಚಿಸಬಹುದು. ನಿರ್ಣಯವಾಗುವುದು ಮಾತ್ರ ಅಡಿಗೆಮನೆಯ ಸಭೆಯಲ್ಲಿ. ಅಲ್ಲಿಗೆ ನನಗೆ ಪ್ರವೇಶವಿಲ್ಲ. ಹೀಗಾಗಿ ಮೈಸೂರು ಸಂಸ್ಥಾನದ ವ್ಯವಸ್ಥೆ ನನಗೆ ಬೇಗ ಅರ್ಥವಾಯಿತು. ಪ್ರಜಾಪ್ರತಿನಿಧಿ ಸಭೆಯಲ್ಲಿ ತಾಲ್ಲೂಕುಗಳಿಂದ ಬಂದವರು ದಸರೆಯ ಹೊತ್ತಿಗೆ ತಮ್ಮ ಕಷ್ಟಗಳನ್ನು ಅರಿಕೆ ಮಾಡಿಕೊಳ್ಳುವರು. ಆಗಷ್ಟೇ ಹುಟ್ಟಿದ್ದ ನ್ಯಾಯವಿಧಾಯಕ ಸಭೆಯಲ್ಲಿ ಕೆಲವೇ ಮಂದಿ ಕುಳಿತು ಕಾನೂನಿನ ಕರಡು ತಿದ್ದುವರು. ಎರಡರ ಅಧ್ಯಕ್ಷಪೀಠದಲ್ಲೂ ದಿವಾನರೇ.

ಚಳ್ಳಕೆರೆಯಲ್ಲಿ ಕಂಬಳಿ ವ್ಯಾಪಾರ ಮಾಡುತ್ತಿದ್ದ ನನ್ನ ಸೋದರಮಾವ ಶಿವಲಿಂಗಪ್ಪನವರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದ ವರ್ಷವೇ ಊರಿಗೆ ಪ್ಲೇಗು ಬಂತು. ಜನ ಮನೆ ಬಿಟ್ಟು ಬಯಲಿನ ಗುಡಿಸಲು ಸೇರಿದರು. ಬೇನೆ ಬಿದ್ದವರನ್ನು ಹಗ್ಗ ಕಟ್ಟಿದ ಆವರಣದಲ್ಲಿ ಬೇರೆ ಇಟ್ಟು, ಬಂಧುಗಳು ಒಳಹೋಗದಂತೆ ಕಾವಲು ಹಾಕಿದ್ದರು. ಸಾಯುವವರ ಬಾಯಿಗೆ ನೀರು ಬಿಡಲು ಮನೆಯವರೊಬ್ಬರಿಗಾದರೂ ಅಪ್ಪಣೆ ಬೇಕೆಂಬುದೊಂದೇ ಮಾವ ಮೈಸೂರಿಗೆ ಒಯ್ದ ಅರಿಕೆ. ಅಚ್ಚಿನ ಅಕ್ಷರ ಓದಿ ಹೇಳಲೆಂದು, ಮೊಳಕಾಲ್ಮೂರಿನಲ್ಲಿ ಮೇಷ್ಟರಾಗಿದ್ದ ನನ್ನನ್ನೂ ಕರೆದೊಯ್ದರು.

ಜರಿರುಮಾಲುಗಳ ನಡುವೆ ಮಾವ ಎದ್ದು ನಿಂತು, "ನಮ್ಮೋರು ಒಬ್ಬೊಬ್ರೇ ಬಿದ್ದು ಸಾಯ್ತಾವ್ರೆ, ಸ್ವಾಮಿ" ಎಂದರು. ದಿವಾನರು ಲಕ್ಷ್ಯವಿಟ್ಟು ಕೇಳಿ, ಪರಿಶೀಲಿಸಲಾಗುವುದೆಂದರು.

ಹೊರಗೆ ಬಂದ ಮಾವ, "ಅಂದ್ರೆ ಹೂಂ ಅಂದಂಗೋ, ಊಹೂಂ ಅಂದಂಗೋ?" ಎಂದು ಕೇಳಿದರು. ಮಕ್ಕಳಿಗೆ ವ್ಯಾಕರಣ ಕಲಿಸುವ ನಾನು, ಅದು ಭವಿಷ್ಯತ್ಕಾಲ ಎಂದೆ.

ನಾವು ಊರು ಮುಟ್ಟುವಷ್ಟರಲ್ಲಿ ಅತ್ತೆ ಗಿರಿಜಮ್ಮ ಹಗ್ಗದಾಚೆ ಸೇರಿದ್ದರು. ಕಾವಲಿನವನು ಅಡ್ಡ ನಿಂತ. "ಕಾನೂನು ಐತೆ, ಯಜಮಾನ್ರೆ." ಮಾವ ಹಗ್ಗ ಎತ್ತಿ ಒಳಗೆ ನಡೆದರು. ಜೋಳದ ದಂಟಿನ ತಡಿಕೆಯೊಳಗಿನ ಮಾತು ನನಗೂ ಕೇಳಿಸಿತು.

"ಹೆಂಗೆ ಬಿಟ್ರು ನಿಮ್ಮನ್ನ?" ಎಂದರು ಅತ್ತೆ.

"ದಿವಾನ್ರು ಒಪ್ಕೊಂಡ್ರು ಕಣೇ. ಮನೆಯೋರು ಒಬ್ರು ಒಳಗೆ ಬರ್ಬೋದು ಅಂತ ಕಾನೂನಾಗೈತೆ."

"ನೀವೇ ಕೇಳಿದ್ರಾ?"

"ಹೂಂ, ನಾನೇ."

ಅತ್ತೆ ಸಂಜೆಗೆ ತೀರಿಕೊಂಡರು, ಮಾವನ ಕೈಯ ನೀರು ಕುಡಿದು.

ಆ ಮಾತು ಅಕ್ಕಪಕ್ಕದ ಗುಡಿಸಲುಗಳಿಗೂ ಕೇಳಿಸಿತ್ತು. ಬೆಳಗಾಗುತ್ತಲೇ ಹಗ್ಗದ ಬಳಿ ಜನ ನೆರೆದರು. ಕಾವಲಿನವನು ಮಾವನ ಮುಖ ನೋಡಿದ, ಮಾವ ಆ ಕಾನೂನು ಸುಳ್ಳೆನ್ನಲಿಲ್ಲ. ಅವನು ಪಕ್ಕಕ್ಕೆ ಸರಿದ. ಅಂದಿನಿಂದ ಯಾರೂ ಒಂಟಿಯಾಗಿ ಸಾಯಲಿಲ್ಲ. ಆದರೆ ಒಳಹೋದವರಲ್ಲಿ ಕೆಲವರು ಹಿಂದಿರುಗಲಿಲ್ಲ. ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಕುರಿಯ ಈರಣ್ಣ ಮಗನ ಹಿಂದೆಯೇ ಹೋದ. ಅವನ ಹೆಂಡತಿ ಬಂದು, "ನಿಮ್ಮಿಂದ ಮಗನ ಮಕ ನೋಡ್ಕೊಂಡು ಹೋದ, ಪುಣ್ಯಾತ್ಮರು ನೀವು" ಎಂದು ಕೈಮುಗಿದಳು. ಬೈದಿದ್ದರೆ ಮಾವ ತಾಳಿಕೊಳ್ಳುತ್ತಿದ್ದರು.

ಬೇನೆ ಇಳಿದು ಊರು ತುಂಬಿದ ಮೇಲೆ ಹಿರಿಯರು ಮನೆಗೆ ಬಂದರು. ಮತ್ತೆ ಮೈಸೂರಿಗೆ ಹೋಗಬೇಕು, ಸಾಧ್ಯವಾದರೆ ಆ ಕಾನೂನು ಮಾಡುವ ಸಭೆಗೂ ಸೇರಬೇಕು ಎಂದು ಒತ್ತಾಯಿಸಿದರು.

ಮಾವ ಅವರಿಗೆ ಕೈಮುಗಿದರು.

"ಬ್ಯಾಡ್ರಪ್ಪಾ," ಎಂದರು. "ನಾನು ಮಾಡಿದ್ದು ಒಂದೇ ಕಾನೂನು. ಅದ್ರಿಂದ ಸತ್ತೋರ ಹೆಸ್ರೆಲ್ಲಾ ನಂಗೆ ಬಾಯಿಗೆ ಬರ್ತವೆ."