ಡಜನ್ನಿನ ಮೇಲಿನ ಬಳೆ

ಮಾಬಮ್ಮ, ಶಾಂತಾಳ ಬಲಗೈಯಿಂದ ಆ ಹಸಿರು ಬಳೆ ಕಳಚಿದವಳು ನಾನು. ನೀವು ಹಾಕಿದ್ದಿರಿ — ಕಣ್ಣಾರೆ ಕಂಡಿದ್ದೆ. ಅಂದು ಅವಳ ಹೊಟ್ಟೆಯಲ್ಲಿದ್ದ ಕೂಸಿಗೆ ಈಗ ಮದುವೆಯೂ ಆಗಿದೆ. ಇಷ್ಟು ವರ್ಷ ನಾನು ಬಾಯಿ ಬಿಡಲಿಲ್ಲ.

ಶಾಂತಾ ನನ್ನ ಮೈದುನನ ಹೆಂಡತಿ. ನನ್ನ ನಂತರ ಈ ಅಗರಖೇಡದ ಮನೆಗೆ ಬಂದು, ನನಗಿಂತ ಮೊದಲು ಬಸುರಾದಳು. ಏಳು ತಿಂಗಳಿಗೆ ಅವಳ ಸೀಮಂತ, ನಮ್ಮ ಕಡೆಯ ಕುಬಸ; ಅದಕ್ಕೆ ಇಂಡಿ ಪೇಟೆಯಿಂದ ಬಳೆಬುಟ್ಟಿ ಹೊತ್ತು ನೀವು ಬಂದಿರಿ.

ಬಾಳೆಹಣ್ಣಿನ ಡಜನ್ ಎಂದರೆ ಹನ್ನೆರಡು. ಕುಬಸದ ಬಳೆಯ ಡಜನ್ ಬೇರೆ — ಹನ್ನೆರಡಾದ ಮೇಲೆ ಬಲಗೈಗೆ ಇನ್ನೊಂದು. ಅದನ್ನು ಯಾರೂ ಎಣಿಸಿ ಹೇಳುವುದಿಲ್ಲ. ಅದು ಹುಟ್ಟುವ ಕೂಸಿನದು. ಒಂದಳತೆ ದೊಡ್ಡದನ್ನು ಆರಿಸಿ ನೀವು ಕೊನೆಗೆ ಏರಿಸಿದಿರಿ. ಆಮೇಲೆ ನನ್ನ ಕಡೆ ತಿರುಗಿ, "ನಿಂದೂ ಬರತೈತಿ ತಂಗಿ, ನಾನ ಬಂದು ಇಡತೇನಿ" ಅಂದಿರಿ. ಹೆಂಗಸರು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಊಟವಾಗಿ ಶಾಂತಾಗೆ ನಿದ್ದೆ ಹತ್ತಿತ್ತು. ತಟ್ಟೆ ಎತ್ತಲು ಹೋದ ನನ್ನ ಕೈಗೆ ಸಡಿಲವಿದ್ದ ಆ ಬಳೆ ಸಲೀಸಾಗಿ ಬಂತು. ಯಾಕೆ ತೆಗೆದೆನೋ... ಇಲ್ಲ, ಗೊತ್ತು. ಅವಳ ಸಂತೋಷದಲ್ಲಿ ಒಂದಾದರೂ ಕಡಿಮೆಯಿರಲಿ ಅನಿಸಿತ್ತು.

ನೀವು ಬುಟ್ಟಿ ಕಟ್ಟುವಾಗ ಅತ್ತೆ ಅವಳ ಕೈ ನೋಡಿದರು. "ಮ್ಯಾಲಿಂದೆಲ್ಲಿ ಮಾಬಮ್ಮ?"

"ಹಾಕೇನ್ರಿ ಅವ್ವಾರ, ಖರೇನ ಹಾಕೇನಿ. ದೊಡ್ಡ ಸೊಸಿನ್ನ ಕೇಳ್ರಿ, ಬಾಜೂಕ ಇದ್ಲು."

ನನ್ನ ಮೇಲೆ ನಿಮಗೆ ಅಷ್ಟು ಭರವಸೆ. ಮನೆಯಲ್ಲಿ ಇಂಗ್ಲಿಷ್ ಓದಿದವಳು ನಾನೊಬ್ಬಳೇ, ನನ್ನ ಮಾತಿಗೆ ತೂಕವಿತ್ತು. ನಾನಂದೆ — "ಡಜನ್ ಅಂದ್ರ ಹನ್ನೆರಡ್ರಿ ಅತ್ತಿ. ಹನ್ನೆರಡು ಹಾಕ್ಯಾರ."

ಸುಳ್ಳು ಹೇಳಲಿಲ್ಲವಲ್ಲ ಎಂದು ಎಷ್ಟೋ ದಿನ ಸಮಾಧಾನ ಮಾಡಿಕೊಂಡೆ. ಆದರೆ ಅತ್ತೆ ಕೇಳಿದ್ದು ಡಜನ್ನಿನ ಅರ್ಥವನ್ನಲ್ಲ.

"ಕೂಸಿನ ಪಾಲು ತಿಂದಾಕಿ, ನಮ್ಮ ಹೊಸ್ತಿಲಾ ತುಳೀಬ್ಯಾಡ" ಅಂದರು. ನೀವು ಅಳಲಿಲ್ಲ, ನನ್ನನ್ನೇ ನೋಡಿದಿರಿ. ಸುದ್ದಿ ಓಣಿ ದಾಟಿತು. ಶಾಂತಾಳ ಮಗಳು ಸುಖವಾಗಿ ಹುಟ್ಟಿದಳು. ಆದರೂ ಊರಲ್ಲಿ ಮತ್ತೆ ಯಾರೂ ನಿಮ್ಮನ್ನು ಕುಬಸಕ್ಕೆ ಕರೆಯಲಿಲ್ಲ. ಮುಂದೆ ನನ್ನ ಕುಬಸವೂ ಆಯಿತು — ಬೇರೆಯವರು ಬಂದು ಬಳೆ ಇಟ್ಟರು. ನಾನು ಕೈ ಚಾಚಿ ಕೂತಿದ್ದೆ. ನಾಚಿಕೆಯಾಗುತ್ತದೆ, ಮಾಬಮ್ಮ.

ಈಗ ಶಾಂತಾಳ ಆ ಮಗಳೇ ಏಳು ತಿಂಗಳ ಬಸುರಿ. ಸೋಮವಾರ ಕುಬಸ. ಇಂಡಿ ಬಸ್ ಸ್ಟ್ಯಾಂಡಿನ ಹತ್ತಿರ ನಿಮ್ಮ ಮೊಮ್ಮಗಳ ಅಂಗಡಿಯಲ್ಲಿ ಸುಮ್ಮನೆ ಕೂತಿರುತ್ತೀರಂತೆ, ಕೈ ನಡುಗುತ್ತದಂತೆ. ಕರೆಯಲು ನಾನೇ ಬರುತ್ತೇನೆ. ನೀವು ಬರದಿದ್ದರೆ ತಪ್ಪು ನಿಮ್ಮದಲ್ಲ. ಬಂದರೂ ಬರದಿದ್ದರೂ ಅಂದು ಅತ್ತೆಯ ಮುಂದೆ, ಶಾಂತಾಳ ಮುಂದೆ, ಕೂಡಿದ ಹೆಂಗಸರೆಲ್ಲರ ಮುಂದೆ ಎಲ್ಲ ಹೇಳುತ್ತೇನೆ. ಆಮೇಲೆ ಯಾರು ನನ್ನ ಮುಖ ನೋಡುತ್ತಾರೋ —

ಬಳೆ ಇನ್ನೂ ನನ್ನ ಟ್ರಂಕಿನಲ್ಲಿ, ಹಳೆಯ ಸೀರೆಯ ಮಡಿಕೆಯಲ್ಲಿದೆ. ಅದು ಅಂದು ಹೊಟ್ಟೆಯಲ್ಲಿದ್ದ ಈ ಹುಡುಗಿಯದು. ಅವಳ ಕೈಗೆ ಅದನ್ನು ನೀವೇ ಏರಿಸಬೇಕು. ನಾನು ಮುಟ್ಟುವುದಿಲ್ಲ.