ಕಣ್ಣು ಮುಚ್ಚಿದರೆ ಬಾಯಿ ತೆರೆಯುವವನು

ಮನೆಯಲ್ಲಿ ಅವನಿಗೆ ಗುಮ್ಮನಗುಸುಕ ಎಂದೇ ಹೆಸರು. ಹೊಟ್ಟೆಯಲ್ಲಿರುವುದನ್ನು ಬಾಯಿಗೆ ತಾರದವನು ಎಂದು ಅಕ್ಕ ಬೈಯುತ್ತ ಇಟ್ಟ ಹೆಸರದು. ಅವನು ಅದನ್ನೇ ಬಿರುದಿನಂತೆ ಹೊತ್ತು ತಿರುಗುತ್ತಿದ್ದ. ಹಾಗೆ ನೋಡಿದರೆ ಅವನಿಗೆ ಅನ್ನ ಹಾಕುತ್ತಿದ್ದದ್ದು ಬಾಯಿಯೇ. ಲಿಫ್ಟ್ ರಿಪೇರಿ ಕಂಪನಿಯೊಂದರಲ್ಲಿ ಫೋನಿನ ಮುಂದೆ ಕೂತು, ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರಿಗೆ ದಿನವಿಡೀ ಸಮಾಧಾನ ಹೇಳುವುದು ಅವನ ಕೆಲಸ. "ಗಾಬರಿಯಾಗಬೇಡಿ ಮೇಡಂ, ಬಾಗಿಲು ಬಡೀಬೇಡಿ, ನಮ್ಮೋರು ಹೊರಟಿದ್ದಾರೆ." ಎಷ್ಟೋ ಸಲ ಯಾರೂ ಹೊರಟಿರುತ್ತಿರಲಿಲ್ಲ, ಅದು ಬೇರೆ ಮಾತು. ಮಾತೆಲ್ಲ ಅಲ್ಲೇ ಖರ್ಚಾಗುವುದರಿಂದ ಉಳಿದ ಕಡೆ ತಾನು ಮಿತಭಾಷಿ, ಗಂಭೀರ ಎಂದು ಅವನ ನಂಬಿಕೆ.

ಬೆಳಗಿನ ರೈಲು ಹತ್ತುವುದೆಂದರೆ ಕುಸ್ತಿ. ಒಬ್ಬರ ಊಟದ ಡಬ್ಬಿ ಪಕ್ಕೆಗೆ ತಿವಿಯುತ್ತದೆ, ಇನ್ನೊಬ್ಬರ ಮೊಬೈಲಿನ ಹಾಡು ಕಿವಿಗೆ ತಿವಿಯುತ್ತದೆ. ಮೂವರ ಸೀಟಿಗೆ ನಾಲ್ಕನೆಯವರು "ಸ್ವಲ್ಪ ಸರೀರಿ" ಎಂದು ಬಂದು ಅರ್ಧ ಸೊಂಟ ಊರಿ, ಮುಂದಿನ ಸ್ಟೇಷನ್ನಿನೊಳಗೆ ಪೂರ್ತಿ ಮಾಲೀಕರಾಗಿರುತ್ತಾರೆ. ಆದರೆ ಒಮ್ಮೆ ಸೀಟು ಸಿಕ್ಕಿತೋ, ಸ್ವರ್ಗಕ್ಕೆ ಮೂರೇ ಗೇಣು. ಗಾಲಿಗಳು ತೊಟ್ಟಿಲು ತೂಗಿದ ಹಾಗೆ ತೂಗುತ್ತವೆ. ಸ್ವಲ್ಪ ಹೊತ್ತಿಗೆಲ್ಲ ಅವನ ತಲೆ ಪಕ್ಕದ ಬಣ್ಣದಂಗಡಿ ಮಾಮನ ಹೆಗಲಿಗೆ ಒರಗಿರುತ್ತಿತ್ತು. ಮಾಮ ಪಾಪ, ಹೆಗಲು ಅಲುಗಿಸದೆ ಇಸ್ಪೀಟು ಆಡುತ್ತಿದ್ದರು. ಕೊನೆಯ ಸ್ಟೇಷನ್ನಿನಲ್ಲಿ ಎದುರು ಸೀಟಿನ ನರ್ಸಮ್ಮ ಮೊಣಕಾಲು ತಟ್ಟಿ ಎಬ್ಬಿಸುತ್ತಿದ್ದರು. ಅವರಿಬ್ಬರ ಜೊತೆ ಅವನು "ನಮಸ್ಕಾರ", "ಏನು ಸೆಖೆ" ಬಿಟ್ಟು ಬೇರೆ ಮಾತಾಡಿದ್ದಿಲ್ಲ.

ಆ ದಿನ ಅಕ್ಕನೂ ಜೊತೆಗಿದ್ದಳು. ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸುಬಟ್ಟೆಗಳಿಗೆ ಇಸ್ತ್ರಿ ಹಾಕುತ್ತ, ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಅವನನ್ನು ಓದಿಸಿದವಳು. ಈಚೆಗೆ ಕಣ್ಣಿಗೆ ಪೊರೆ ಬಂದು, ಕಲೆಯಿದ್ದ ಬಟ್ಟೆಯನ್ನೂ ನೀಟಾಗಿ ಮಡಚಿಟ್ಟು ಬೈಸಿಕೊಂಡಿದ್ದಳು. ಅವಳನ್ನು ಕಣ್ಣಾಸ್ಪತ್ರೆಗೆ ತೋರಿಸಬೇಕಿತ್ತು.

ಅವನ ಹೊಟ್ಟೆಯಲ್ಲಿ ಒಂದು ಗುಟ್ಟಿತ್ತು. ದೂರದೂರಿನ ಶಾಖೆಗೆ ಸೂಪರ್‌ವೈಸರ್ ಆಗಿ ವರ್ಗ ಸಿಕ್ಕಿತ್ತು. ಸಿಕ್ಕಿದ್ದೇನು, ಅವನೇ ಮ್ಯಾನೇಜರಿಗೆ ದುಂಬಾಲು ಬಿದ್ದು ಪಡೆದದ್ದು. ಬರುವ ತಿಂಗಳು ಹೊರಡಬೇಕು. ಅಕ್ಕನ ಕಣ್ಣು ಮಂಜಾಗುತ್ತಿರುವಾಗ ಯಾವ ಮುಖ ಹೊತ್ತು ಹೇಳುವುದು? ಅಕ್ಕನಿಗೆ ಮಾತ್ರವಲ್ಲ, ನರಪಿಳ್ಳೆಗೂ ಹೇಳಿರಲಿಲ್ಲ.

ಅಕ್ಕ ಕಿಟಕಿ ಪಕ್ಕ ಕೂತಳು. ನರ್ಸಮ್ಮ ಅವಳನ್ನು ನೋಡಿ, ಅವನನ್ನು ನೋಡಿ, ಎದ್ದು ಅವನನ್ನು ಬಾಗಿಲ ಬಳಿಗೆ ಕರೆದರು.

"ಅವರು ನಿಮ್ಮಕ್ಕನಾ?"

"ಹೌದು."

"ಹಾಗಾದ್ರೆ ಇವತ್ತೊಂದಿನ ನಿದ್ದೆ ಮಾಡಬೇಡಪ್ಪ. ವರ್ಗದ ವಿಷಯ ಅವರಿಗೆ ಇನ್ನೂ ಹೇಳಿಲ್ಲ ತಾನೇ?"

"ನಿಮಗೆ... ಯಾರು ಹೇಳಿದ್ರು?"

"ನೀನೇ! ದಿನಾ ಹೇಳ್ತೀಯಲ್ಲ. 'ಕಂಪನಿಯೋರು ಕಳಿಸ್ತಿದಾರೆ ಅಕ್ಕಾ, ನಾನೇನು ಮಾಡ್ಲಿ ಅಕ್ಕಾ' ಅಂತ. ಕಣ್ಣು ಮುಚ್ಚಿದ ಕೂಡಲೇ ಶುರು."

ಬೆನ್ನ ಹಿಂದೆಯೇ ಬಂದಿದ್ದ ಮಾಮ ದನಿ ತಗ್ಗಿಸಿದರು. "ನಾವೇನೂ ಕದ್ದು ಕೇಳಿದ್ದಲ್ಲ ಕಣಪ್ಪ. ನಿನ್ನ ಬಾಯಿ ನನ್ನ ಕಿವಿ ಪಕ್ಕಾನೇ ಇರುತ್ತೆ. ಮೊದಮೊದಲು ಲಿಫ್ಟಿನೋರಿಗೆ ಸಮಾಧಾನ ಹೇಳ್ತಿದ್ದೆ. ಆಮೇಲೆ ಮ್ಯಾನೇಜರಿಗೆ ಬೈಗುಳ. ಆಹಾ, ಅದನ್ನ ಕೇಳೋಕೆ ಆ ಕಡೆ ಸೀಟಿನೋರೂ ಬಂದು ನಿಲ್ತಿದ್ರು."

"ಅಂದ್ರೆ... ನಮ್ಮಾಫೀಸಿನ ರಿಸೆಪ್ಷನ್ ಹುಡುಗಿ ವಿಷಯಾನೂ?"

"ಅದು ಹಳೇದಾಯ್ತು ಬಿಡು" ಎಂದರು ನರ್ಸಮ್ಮ. "ಅವಳು ನಿನಗೆ ಆಗಿಬರಲ್ಲ ಅಂತ ನಾವೆಲ್ಲ ಆವಾಗಲೇ ತೀರ್ಮಾನ ಮಾಡಿದ್ವಿ."

ಇಂಗು ತಿಂದ ಮಂಗನಂತೆ ಅವನು ಬಂದು ಅಕ್ಕನ ಪಕ್ಕ ಕುಕ್ಕರಿಸಿದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದದ್ದನ್ನು ಕೇಳಿದ್ದ. ಆ ಬೆಕ್ಕಾದರೂ ಕುಡಿಯುತ್ತ ಲೆಕ್ಕ ಒಪ್ಪಿಸುತ್ತಿರಲಿಲ್ಲ.

ಗಾಡಿ ಹೊರಟಿತು. ನರ್ಸಮ್ಮ ಪೆಪ್ಪರ್‌ಮೆಂಟು ಕೊಟ್ಟರು. ಮಾಮ ಇಸ್ಪೀಟು ಕಲಿಸುವ ನೆಪದಲ್ಲಿ ಮೊಣಕೈಯಿಂದ ತಿವಿಯುತ್ತಲೇ ಇದ್ದರು. ಎದುರಿಗೆ ನಿಂತವನೊಬ್ಬ, ಅವನ ಹೆಸರೂ ಇವನಿಗೆ ಗೊತ್ತಿಲ್ಲ, "ಬಿಡಬೇಡ ಗುರೂ" ಎಂದು ಕಣ್ಸನ್ನೆ ಮಾಡಿದ. ಇವನು ತುಟಿ ಕಚ್ಚಿದ, ತೊಡೆ ಚಿವುಟಿಕೊಂಡ. ಹಾಳು ಗಾಲಿಗಳು ಎಂದಿಗಿಂತ ಮೆತ್ತಗೆ ತೂಗಿದವು. ಒಂದೇ ಒಂದು ಸಲ ರೆಪ್ಪೆ ಬಡಿದದ್ದು ಅವನಿಗೆ ನೆನಪು.

ಕಣ್ಣು ಬಿಟ್ಟಾಗ ಗಾಡಿ ನಿಂತಿತ್ತು. ಬೋಗಿ ಬಹುಪಾಲು ಖಾಲಿ. ಮಾಮ, ನರ್ಸಮ್ಮ ಮಾತ್ರ ಚೀಲ ಹಿಡಿದು, ಸಾವಿನ ಮನೆಗೆ ಬಂದವರಂತೆ ನಿಂತಿದ್ದರು. ಅವನ ತಲೆ ಅಕ್ಕನ ಹೆಗಲ ಮೇಲಿತ್ತು.

"ಅಕ್ಕಾ, ನಾನು ಏನಾದ್ರೂ ಅಂದ್ನಾ?"

"ಹೊಸದೇನೂ ಇಲ್ಲ. ಮನೇಲಿ ದಿನಾ ಅನ್ನೋದನ್ನೇ ಅಂದೆ."

"ಮನೇಲೂನಾ?"

"ನಡುವೆ ಇರೋದು ಒಂದು ಹಲಗೆ ಗೋಡೆ. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಕಾಫಿ ಕೊಡುವಾಗೆಲ್ಲ ನಿನ್ನ ಮುಖ ನೋಡ್ತಿದ್ದೆ." ಅಕ್ಕ ಹೆಗಲು ಸರಿಸಿಕೊಂಡಳು. "ಇಲ್ಲಿ ನೋಡಿದ್ರೆ ಊರಿಗೆಲ್ಲ ಗೊತ್ತು. ನನಗೆ ಒಂದು ಮಾತು ಹೇಳೋಕೆ ನಿನಗೆ ನಿದ್ದೆ ಬರಬೇಕೇನೋ?"

ಕಸ ಗುಡಿಸುವವನು ಪೊರಕೆ ಹಿಡಿದು ಬಂದ. "ಇಳೀರಿ, ಗಾಡಿ ಶೆಡ್ಡಿಗೆ ಹೋಗುತ್ತೆ."

"ಸ್ವಲ್ಪ ತಡಿಯಪ್ಪ, ಹೇಳ್ತಾನೆ" ಎಂದರು ನರ್ಸಮ್ಮ.

ದಿನಕ್ಕೆ ಎಷ್ಟೋ ಜನಕ್ಕೆ ಧೈರ್ಯ ಹೇಳುವ ಬಾಯಿ ಒಣಗಿ ಹಲಗೆಯಾಗಿತ್ತು. "ಅಕ್ಕಾ, ನನಗೆ ವರ್ಗ ಆಗಿದೆ." ಪೊರಕೆಯವನ ಕಡೆ ನೋಡಿದ. "ಕಂಪನಿ ಕಳಿಸ್ತಿಲ್ಲ. ನಾನೇ ಕೇಳಿ ತಗೊಂಡೆ."

ಮಾಮನ ಕೈಯಿಂದ ಚೀಲ ಜಾರಿತು. "ಇದು ನಮಗೂ ಗೊತ್ತಿರ್ಲಿಲ್ಲವಲ್ಲೋ!"

ನಿದ್ದೆಯಲ್ಲೂ ತಾನು ಸುಳ್ಳೇ ಹೇಳುತ್ತಿದ್ದೆ ಎನ್ನುವುದು ಅವನಿಗೂ ಆಗಲೇ ಹೊಳೆದದ್ದು.

"ಯಾಕೆ?" ಎಂದಳು ಅಕ್ಕ.

"ನಿನ್ನ ಜೊತೆ ಎಷ್ಟು ವರ್ಷ ಇದ್ರೂ ನಾನು ಚಿಕ್ಕೋನೇ. ಒಂದ್ಸಲ ಒಬ್ಬನೇ ಇದ್ದು ನೋಡ್ಬೇಕು ಅನ್ನಿಸ್ತು."

ಅಕ್ಕ ಎದ್ದು, ಬಾಗಿಲವರೆಗೆ ತಡವರಿಸಿಕೊಂಡು ಹೋಗಿ, ಮೆಟ್ಟಿಲು ಕಾಣದೆ ಕೈ ಚಾಚಿದಳು. ಅವನು ಹಿಡಿಯಲು ಮುಂದಾದ. ಅವಳು ನರ್ಸಮ್ಮನ ಕೈ ಹಿಡಿದು ಇಳಿದಳು. ಪ್ಲಾಟ್‌ಫಾರಮ್ಮಿನಲ್ಲಿ ಹತ್ತು ಹೆಜ್ಜೆ ನಡೆದವಳು ನಿಂತು, ತಿರುಗದೆಯೇ ಅಂದಳು:

"ಆಪರೇಷನ್ ಆಗೋವರೆಗೆ ಇರು. ನೀನು ಹೋಗೋದನ್ನ ನಾನು ಸರಿಯಾಗಿ ಕಣ್ಣಲ್ಲಿ ನೋಡ್ಬೇಕು."

ಅದು ಬೈಗುಳವೋ ಒಪ್ಪಿಗೆಯೋ ತಿಳಿಯದೆ, ಅವನು ಅವಳ ಚೀಲ ಹೊತ್ತು ಹಿಂದೆ ನಡೆದ.