ಅಮಾವಾಸ್ಯೆಗೂ ಹೊರಗೆ, ಹುಣ್ಣಿಮೆಗೂ ಹೊರಗೆ

ದೂರಶಿಕ್ಷಣದ ಪುಸ್ತಕಗಳು ತಿಕೋಟಾದ ನಮ್ಮ ಮನೆಗೆ ಬಂದ ದಿನ ಅತ್ತೆ ಕಟ್ಟನ್ನು ಕೈಯಲ್ಲಿ ತೂಗಿ ನೋಡಿದರು. ‘ಸಾಲಿಗಿ ಹೋಗೂದಿಲ್ಲ, ಮಾಸ್ತರ ಇಲ್ಲ. ಇದೆಂಥಾ ಓದು?’

‘ಎಕ್ಸ್‌ಟರ್ನಲ್ ಅಂತಾರ್ರಿ. ಹೊರಗಿಂದ ಓದೂದು,’ ಅಂದೆ.

ಆ ‘ಹೊರಗೆ’ ಎಂಬ ಮಾತನ್ನು ಅವರು ಮರೆಯಲಿಲ್ಲ.

ಬಬಲೇಶ್ವರದ ತವರಿನಲ್ಲಿ ಪಿಯುಸಿ ಮುಗಿಸಿ ನಾನು ಈ ಮನೆಗೆ ಬಂದವಳು. ಬಿ.ಎ. ಅರ್ಜಿಗೆ ಗಂಡ ಸಹಿ ಹಾಕಿದ್ದರು. ಆಮೇಲೆ ಆ ವಿಷಯದಲ್ಲಿ ಬಾಯಿ ತೆರೆಯಲಿಲ್ಲ. ಮನೆಯಲ್ಲಿ ದಿನಕ್ಕೆ ಎರಡು ಸಲ ಜೋಳದ ರೊಟ್ಟಿ. ದ್ರಾಕ್ಷಿ ಕೊಯ್ಲು ಶುರುವಾದರೆ ತೋಟದ ಆಳುಗಳಿಗೂ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಇಲ್ಲಿಂದಲೇ ಹೋಗಬೇಕು. ಒಮ್ಮೆ ಪುಸ್ತಕವನ್ನು ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟು ರೊಟ್ಟಿ ಬಡಿಯುತ್ತ ಓದಲು ನೋಡಿದೆ. ಅತ್ತೆ ಬಂದು ಡಬ್ಬಿಯನ್ನೇ ಸರಿಸಿದರು. ‘ಹಿಟ್ಟಿನಾಗ ಅಕ್ಷರ ಉದುರ್ತಾವು. ಉಂಡವರಿಗಿ ಅರಗೂದಿಲ್ಲ.’

ಹೀಗಾಗಿ ನನ್ನ ಓದು ನಿಜವಾಗಿ ನಡೆಯುತ್ತಿದ್ದದ್ದು ತಿಂಗಳಿಗೆ ಮೂರೇ ದಿನ. ಮುಟ್ಟಾದವಳು ಒಲೆ, ನೀರಿನ ಕೊಡ, ದೇವರ ಮನೆ ಮುಟ್ಟಬಾರದು. ಪಡಸಾಲೆಯ ಕೊನೆಯಲ್ಲಿ ಚಾಪೆ ಹಾಸಿಕೊಂಡು ಕೂರಬೇಕು. ‘ಹೊರಗಾಗುವುದು’ ಎಂದರೆ ಅದು. ಆ ಮೂರು ದಿನಗಳಲ್ಲಿ ನಾನು ಒಂದು ಪುಸ್ತಕ ಮುಗಿಸುತ್ತಿದ್ದೆ. ಅತ್ತೆ ತಾಟನ್ನು ದೂರದಿಂದಲೇ ನೂಕಿ, ಪಕ್ಕದ ಮನೆಯಾಕೆಗೆ ಕೇಳುವ ಹಾಗೆ ಹೇಳುತ್ತಿದ್ದರು, ‘ಹೊರಗಾದಾಗಷ್ಟ ಓದತಾಳ ನೋಡ ಬೇ. ಅದಕ್ಕ ಹೊರಗಿನ ಓದು ಅಂತ ಹೆಸರಿಟ್ಟಾರ.’ ಆಕೆ ನಗುತ್ತಿದ್ದಳು. ನಾನು ಪುಟ ತಿರುವುತ್ತಿದ್ದೆ.

ಅತ್ತೆಯ ಕಡೆಯದನ್ನೂ ದಾಖಲಿಸಬೇಕು. ಆ ಮೂರು ದಿನ ಎಲ್ಲ ರೊಟ್ಟಿಯೂ ಅವರ ಮೇಲೆ ಬೀಳುತ್ತಿತ್ತು. ಅವರ ಬಲ ತೋಳು ಸರಿಯಾಗಿ ಮೇಲೆ ಏಳುತ್ತಿರಲಿಲ್ಲ. ಅದನ್ನು ನನ್ನೆದುರು ಒಮ್ಮೆಯೂ ಹೇಳಲಿಲ್ಲ. ರೊಟ್ಟಿ ಬಡಿಯುವ ಸದ್ದು ಮಾತ್ರ ಜೋರಾಗುತ್ತಿತ್ತು. ನನಗೆ ಕೇಳಿಸುತ್ತಿತ್ತು.

ಎರಡನೆಯ ವರ್ಷ ಇತಿಹಾಸದ ಅಸೈನ್‌ಮೆಂಟನ್ನು ವಿಜಯಪುರದ ಅಥಣಿ ರಸ್ತೆಯಲ್ಲಿದ್ದ ಅಧ್ಯಯನ ಕೇಂದ್ರಕ್ಕೆ ಕೈಯಾರೆ ಒಪ್ಪಿಸಬೇಕಿತ್ತು. ಭಾನುವಾರ ಕೊನೆಯ ದಿನ. ಕೊಡದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ವರ್ಷ ಹೋದಂತೆ. ಶುಕ್ರವಾರ ಬೆಳಿಗ್ಗೆಯವರೆಗೆ ನಾನು ಒಂದು ಸಾಲೂ ಬರೆದಿರಲಿಲ್ಲ. ಕೊಯ್ಲು ನಡೆದಿತ್ತು. ನಾನು ಚಾಪೆ ತೆಗೆದುಕೊಂಡು ಹೋಗಿ ಪಡಸಾಲೆಯ ಕೊನೆಯಲ್ಲಿ ಕೂತೆ.

‘ಅತ್ತಿ, ಹೊರಗಾಗೇನ್ರಿ.’

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಒಲೆಯ ಮುಂದೆ ಹೋಗಿ ಕೂತರು. ಎರಡು ದಿನ ಅವರು ಬಡಿದರು, ನಾನು ಬರೆದೆ.

ಭಾನುವಾರ ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದರೆ ಅತ್ತೆ ಹೊಸ್ತಿಲಿಗೆ ಅಡ್ಡ ಕೂತಿದ್ದರು.

‘ಎಲ್ಲಿಗಿ?’

‘ಬಿಜಾಪುರಕ್ಕರಿ. ಬರದದ್ದು ಕೊಡೂದೈತಿ. ಇವತ್ತ ಕಡೀ ದಿನ.’

‘ಇವತ್ತ ನಿಂದು ಮೂರನೇ ದಿನ. ಹೊರಗಾದಾಕಿ ಊರ ದಾಟಂಗಿಲ್ಲ. ನಾಳಿ ತಲಿಗಿ ನೀರ ಹಾಕ್ಕೊಂಡು ಹೋಗು.’

‘ನಾಳಿ ತಗೋಳಂಗಿಲ್ರಿ.’

ಅವರು ತೋಟಕ್ಕೆ ಹೊರಟು ನಿಂತಿದ್ದ ಮಗನ ಕಡೆ ತಿರುಗಿದರು. ‘ನೋಡಪಾ, ನಿನ್ನ ಹೆಂಡತಿ ಅಮಾಸಿಗೂ ಹೊರಗ ಇದ್ದಳು, ಹುಣ್ಣಿಮಿಗೂ ಹೊರಗ ಅದಾಳ. ಡಾಕ್ಟರಿಗಿ ತೋರಸ್ತೀಯೋ, ದೇವರಿಗಿ ಕೇಳತೀಯೋ, ನಿನಗ ಬಿಟ್ಟದ್ದು.’

ಗಂಡ ಚಪ್ಪಲಿ ಹುಡುಕತೊಡಗಿದರು. ಅವು ಅವರ ಕಾಲಲ್ಲೇ ಇದ್ದವು.

ನಾನು ಬರೆಯಬೇಕಾದ ಪುಟ, ಉಳಿದ ದಿನ ಎಲ್ಲ ಲೆಕ್ಕ ಹಾಕಿದ್ದೆ. ಈ ಮನೆಯಲ್ಲಿ ತಾರೀಖು ನೋಡುವುದಿಲ್ಲ, ಅಮಾವಾಸ್ಯೆ ಹುಣ್ಣಿಮೆ ನೋಡುತ್ತಾರೆ ಎಂಬುದನ್ನು ಮರೆತಿದ್ದೆ. ಹದಿನೈದೇ ದಿನದಲ್ಲಿ ಎರಡು ಸಲ ಹೊರಗೆ ಕೂತಿದ್ದೆ. ಈಗ ಸುಳ್ಳನ್ನು ಉಳಿಸಿಕೊಂಡರೆ ವರ್ಷ ಹೋಗುತ್ತಿತ್ತು.

‘ಸುಳ್ಳ ಹೇಳಿದ್ನಿರಿ,’ ಅಂದೆ. ‘ನಾ ಹೊರಗಾಗಿಲ್ಲ.’

‘ಗೊತ್ತೈತಿ. ಶುಕ್ರವಾರನ ಗೊತ್ತಿತ್ತು. ನಿನ್ನ ಬಾಯಿಲೆ ಬರ್ಲಿ ಅಂತ ಬಿಟ್ಟಿದ್ದೆ.’ ಅವರು ಗೋಡೆ ಹಿಡಿದು ಎದ್ದರು. ‘ಹಂಗಾರ ಒಲಿ ಮುಂದ ಬಾ. ಎರಡ ದಿನ ನನ್ನ ರಟ್ಟಿ ಬಿದ್ದ ಹೋಗ್ಯಾವು. ಇವತ್ತಿಂದು ಬಡದ ಹೋಗು.’

ತೋಟಕ್ಕೆ ಹೋಗಬೇಕಾದವು ನಲವತ್ತು ರೊಟ್ಟಿ. ಅತ್ತೆ ಪಕ್ಕದಲ್ಲೇ ಕೂತು, ಸೀದುಹೋದ ಎರಡನ್ನು ಎಮ್ಮೆಗೆಂದು ತೆಗೆದಿಟ್ಟರು. ‘ಯಾವಾಗ ತಿರವಿ ಹಾಕಬೇಕು ಅಂತ ಆ ಪುಸ್ತಕದಾಗ ಬರದಿಲ್ಲೇನು?’ ನಾನು ಹೋಗಬೇಕಿದ್ದ ಬಸ್ಸು ಹೋಯಿತು. ಮುಂದಿನದರಲ್ಲಿ ನಿಂತುಕೊಂಡೇ ಹೋದೆ. ಕೇಂದ್ರದ ಗುಮಾಸ್ತ ಬಂದ ಅಸೈನ್‌ಮೆಂಟುಗಳನ್ನು ಕಟ್ಟು ಕಟ್ಟುತ್ತಿದ್ದ. ನನ್ನದರ ಮೊದಲ ಪುಟದ ಮೇಲೆ ಬೆರಳಿನ ಬಿಳಿ ಗುರುತಿತ್ತು.

‘ಏನ್ರಿ ಇದು?’

‘ಜ್ವಾಳದ ಹಿಟ್ಟರಿ.’

ಅವನು ಅದನ್ನು ಕೊಡವಿ ಮುದ್ರೆ ಒತ್ತಿದ.

ಎರಡು ವಾರದ ಒಳಗೆ ನಿಜವಾಗಿಯೂ ಹೊರಗಾದೆ. ಹೇಳಿದರೆ ಅತ್ತೆ ತಿರುಗಿಯೂ ನೋಡಲಿಲ್ಲ. ‘ಸುಳ್ಳಿರಬೇಕು. ಹಿಟ್ಟ ನಾದು.’ ಮುಂದಿನ ತಿಂಗಳೂ ಅದೇ. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಹೊರಗೆ ಕೂತಿಲ್ಲ. ಬೀಗರು ಬಂದಾಗ ಅತ್ತೆಯದು ಸುಧಾರಿಸಿದ ಮನಸ್ಸು ಎಂದು ಹೊಗಳುತ್ತಾರೆ. ಅದು ಸುಧಾರಣೆಯಲ್ಲ, ನನ್ನ ಮೇಲಿನ ಅಪನಂಬಿಕೆ. ನಾವಿಬ್ಬರೂ ಅದನ್ನು ತಿದ್ದಲು ಹೋಗಿಲ್ಲ.

ನನ್ನ ಮೂರು ದಿನಗಳು ಮಾತ್ರ ಹೋದವು. ಉಳಿದ ಪಾಠಗಳನ್ನು ಒಲೆಯ ಮುಂದೆಯೇ ಓದಿದೆ. ಪುಸ್ತಕವನ್ನು ಡಬ್ಬಿಗೆ ಒರಗಿಸುತ್ತಿದ್ದೆ, ಅವರು ಡಬ್ಬಿ ಸರಿಸುತ್ತಿದ್ದರು, ನಾನು ಮತ್ತೆ ಎಳೆದುಕೊಳ್ಳುತ್ತಿದ್ದೆ.

ಅಂಕಪಟ್ಟಿ ಬಂದ ದಿನ ಕೇಳಿದರು, ‘ಪಾಸ ಆದೇನು?’

‘ಆಗೇನ್ರಿ.’

‘ಅದೂ ಸುಳ್ಳಿರಬೇಕು.’

ಅಂಕಪಟ್ಟಿಯನ್ನು ಅವರ ಕೈಗೆ ಕೊಟ್ಟೆ. ಅವರಿಗೆ ಓದಲು ಬರುತ್ತಿರಲಿಲ್ಲ. ಅಂಗೈ ಮೇಲಿಟ್ಟುಕೊಂಡು ತೂಗಿ ನೋಡಿದರು.

‘ಅಷ್ಟು ದೊಡ್ಡ ಗಂಟು ಓದಿಸಿ, ಇಷ್ಟ ಹಗರ ಹಾಳಿ ಕೊಟ್ಟಾರ,’ ಎಂದು ವಾಪಸು ಕೊಟ್ಟರು.